ಗುಮಾಸ್ತರ ಗಿಡ್ಡ ಕೀಬೋರ್ಡು
ಪರೀಕ್ಷಾ ವಿಭಾಗದಲ್ಲಿ ಕಂಪ್ಯೂಟರಿಗೆ ಅಂಕ ತುಂಬುವ ನಮ್ಮ ಗುಮಾಸ್ತರಿಗೆ ಯಾವ ಕೀಬೋರ್ಡೂ ಎರಡು ದಿನ ಒಗ್ಗುವುದಿಲ್ಲ. ಸೋಮವಾರ ಬಲಕ್ಕೆ ನಂಬರ್ ಪ್ಯಾಡ್ ಇರುವ ಉದ್ದದ್ದೇ ಬೇಕು, ಮಂಗಳವಾರ, "ಮೇಜೆಲ್ಲಾ ಇದೇ ತುಂಬ್ಕೊಂಡ್ರೆ ಉತ್ತರಪತ್ರಿಕೆ ತಲೆ ಮೇಲೆ ಇಟ್ಕೊಳ್ಲಾ?" ಎಂದು ಪ್ಯಾಡ್ ಇಲ್ಲದ ಗಿಡ್ಡದ್ದು ಕೇಳುತ್ತಾರೆ. ಬುಧವಾರ ಬಿಡಿ ನಂಬರ್ ಪ್ಯಾಡ್ ತರಿಸಿ ಎಡಕ್ಕಿಟ್ಟು, ಬಲಕ್ಕಿಟ್ಟು, ಕೊನೆಗೆ ತೊಡೆಯ ಮೇಲೇ ಇಟ್ಟುಕೊಳ್ಳುತ್ತಾರೆ. "ಕುಣೀಲಾರ್ದವ್ಳು ನೆಲ ಡೊಂಕು ಅಂದ್ಳಂತೆ" ಎಂದು ಉಗ್ರಾಣದ ಮೇಡಂ ಗೊಣಗುತ್ತಾರೆ. ಪ್ಯಾಡಿನ ಮೇಲೆ ಗುಮಾಸ್ತರ ಬೆರಳುಗಳದ್ದು ಅರಳು ಹುರಿದಂಥ ಸದ್ದು: ಅರವತ್ತೆರಡು, ಎಪ್ಪತ್ತೊಂದು, ಐವತ್ತು. ಫೇಲಾದ ಅಂಕ ಬಂತೆಂದರೆ ಮಾತ್ರ ಸದ್ದು ನಿಲ್ಲುತ್ತದೆ. ಪ್ಯಾಡನ್ನು ಪಕ್ಕಕ್ಕಿಟ್ಟು, ಉತ್ತರಪತ್ರಿಕೆಯ ಅಂಕಗಳನ್ನು ಮತ್ತೆ ಮೊದಲಿನಿಂದ ಕೂಡಿ ನೋಡಿ, ಗಿಡ್ಡ ಕೀಬೋರ್ಡಿನ ಮೇಲಿನ ಅಂಕಿಗಳ ಸಾಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾರೆ. ಯಾಕೆಂದು ಕೇಳಿದರೆ, "ಫೇಲ್ ಮಾಡೋದು ಕೈಗೆ ರೂಢಿ ಆಗ್ಬಾರ್ದು ಕಣ್ರೀ."