ಸ್ಪಿತಿಯ ದಾರಿಗೆ ಅಡ್ಡ ನಿಂತ ಹಸು

ಕಳೆದ ಭಾನುವಾರ ಬೆಳಗಿನ ಜಾವ ಕ್ಯಾಲನೂರಿನ ಒಂದು ಕೊಟ್ಟಿಗೆಯಲ್ಲಿ ಮುನಿರಾಜು ಎಂಬ ಗಟ್ಟಿಮುಟ್ಟಾದ ಗಂಡಸು ಹೆಂಡತಿಯ ನೈಟಿ ತೊಟ್ಟು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಗುಲಾಬಿ ಹೂವಿನ ನೈಟಿ. ಮೀಸೆ ಮಾತ್ರ ಅವನದೇ.

ನಾನು ಮತ್ತು ಗೆಳತಿ ನಸ್ರೀನ್ ಮೋಟುಗೋಡೆಯ ಈಚೆ ದುಪಟ್ಟಾ ಬಾಯಿಗೆ ತುರುಕಿಕೊಂಡು ನಿಂತಿದ್ದೆವು. ಯಾರೂ ನಗಬಾರದು ಎಂದು ಮೊದಲೇ ಮಾತಾಗಿತ್ತು. ನಕ್ಕರೆ ಹಸು ಬೆದರುತ್ತದೆ. ಹಸು ಬೆದರಿದರೆ ನಮ್ಮ ಹಿಮಾಲಯದ ಟ್ರಿಪ್ ಕ್ಯಾನ್ಸಲ್.

ನೈಟಿಗೂ ಹಿಮಾಲಯಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ಹಿಂದಿನಿಂದ ಹೇಳಬೇಕು.

ಈ ಅಂಕಣ ಓದುವವರಿಗೆ ನನ್ನ ಸೈಕಲ್ ಪುರಾಣ ಹೊಸದಲ್ಲ. ಕೋಲಾರದ ಇನ್ಶೂರೆನ್ಸ್ ಆಫೀಸಿನ ಕುರ್ಚಿಯಲ್ಲಿ ಕೂತೂ ಕೂತೂ ಶುಗರ್ ಬಂತು. ದಿನಾ ನಡೆಯಿರಿ ಎಂದರು ಡಾಕ್ಟರು. ನಡೆಯುವುದಕ್ಕೆ ಸೋಮಾರಿತನವಾಗಿ ಸೈಕಲ್ ಕೊಂಡೆ. ಮುಳಬಾಗಿಲಿನಲ್ಲಿ ಬಟ್ಟೆ ಅಂಗಡಿ ನಡೆಸುವ ನಸ್ರೀನ್‌ದೂ ಇದೇ ಕಾಯಿಲೆ, ಇದೇ ಡಾಕ್ಟರು. ನಮ್ಮ ಸ್ನೇಹ ಆದದ್ದೇ ಅವರ ವೇಟಿಂಗ್ ರೂಮಿನಲ್ಲಿ. ಭಾನುವಾರ ಬಂತೆಂದರೆ ನಾನು ಮುಳಬಾಗಿಲಿನವರೆಗೆ ತುಳಿಯುವುದು, ಅಲ್ಲಿ ಇಬ್ಬರೂ ಕೂತು ಬೆಣ್ಣೆ ಹಾಕಿದ ದೋಸೆ ತಿನ್ನುವುದು. (ದಾರಿಯಲ್ಲಿ ಇಳಿದ ಶುಗರ್ ಅಲ್ಲೇ ಹತ್ತುತ್ತಿತ್ತು. ಡಾಕ್ಟರಿಗೆ ಹೇಳಬೇಡಿ.)

ಮೂರನೆಯವಳು ರತ್ನ. ಹೈಸ್ಕೂಲಿನಲ್ಲಿ ನನ್ನ ಬೆಂಚಿನವಳು, ಮದುವೆಯಾಗಿ ಕೋಲಾರದ ಹತ್ತಿರದ ಕ್ಯಾಲನೂರು ಸೇರಿದವಳು, ಮುನಿರಾಜುವಿನ ಹೆಂಡತಿ. ಅವಳಿಗೆ ಶುಗರೂ ಇಲ್ಲ, ಬಿಪಿಯೂ ಇಲ್ಲ. ಬೆಳಗ್ಗೆ ಸಂಜೆ ಹ್ಯಾಂಡಲಿಗೆ ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೈರಿಗೆ ಸೈಕಲ್ ತುಳಿಯುತ್ತಾಳೆ, ಅಷ್ಟೆ. ಒಂದು ದಿನ ಅವಳನ್ನೂ ಹೊರಡಿಸಿಕೊಂಡು ತೇರಹಳ್ಳಿ ಬೆಟ್ಟ ಹತ್ತಿದೆವು. ಮೇಲೆ ಬಂಡೆಯ ಮೇಲೆ ಕೂತು ಮೂವರೂ ಕಡಲೆಕಾಯಿ ಬಿಡಿಸುತ್ತಿದ್ದಾಗ ರತ್ನ ಇದ್ದಕ್ಕಿದ್ದ ಹಾಗೆ ಹೇಳಿದಳು:

"ಇದಕ್ಕಿಂತ ದೂರ ಹೋಗೋಣ ಕಣೇ. ಹೋದ್ರೆ ಅವತ್ತೇ ವಾಪಸ್ ಬರೋಕಾಗ್ಬಾರ್ದು, ಅಷ್ಟು ದೂರ."

ನಾನು ಅದನ್ನು ಉತ್ಸಾಹ ಅಂದುಕೊಂಡೆ. ಮೊಬೈಲ್ ತೆಗೆದು ದೂರದ ಜಾಗ ಹುಡುಕತೊಡಗಿದೆ. ಹಾಗೆ ಸಿಕ್ಕಿದ್ದು ಸ್ಪಿತಿ. ಹಿಮಾಚಲದ ಆಚೆ ತುದಿ. ಮರ ಇಲ್ಲ, ಮಳೆ ಇಲ್ಲ, ಸುಟ್ಟ ಇಟ್ಟಿಗೆ ಬಣ್ಣದ ಬೆಟ್ಟಗಳು, ಕೆಳಗೆ ಒಂದು ಹೊಳೆ, ಅಲ್ಲೊಂದು ಇಲ್ಲೊಂದು ಊರು. "ಇಲ್ಲಿ ತಪ್ಪಿಸ್ಕೊಂಡ್ರೆ ಯಾರೂ ಹುಡುಕ್ಕೊಂಡು ಬರಲ್ಲ ಅಲ್ವಾ?" ಎಂದು ಕೇಳಿದಳು ರತ್ನ. ಬಹಳ ಖುಷಿಯಿಂದ ಕೇಳಿದಳು.

ಪ್ರವಾಸಕ್ಕಿಂತ ಪ್ರವಾಸದ ಪ್ಲಾನಿಂಗ್ ಚೆನ್ನ ಎನ್ನುವುದು ನನ್ನ ಹಳೆಯ ಅಭಿಪ್ರಾಯ. ಕಾಲು ನೋಯುವುದಿಲ್ಲ, ಬಸ್ಸು ತಪ್ಪುವುದಿಲ್ಲ. ವಾಟ್ಸ್ಯಾಪ್ ಗ್ರೂಪ್ ಆಯಿತು. ಶಿಮ್ಲಾ ಕಡೆಯಿಂದ ಹೋಗಬೇಕೋ ಮನಾಲಿ ಕಡೆಯಿಂದಲೋ ಎಂದು ವಾರಗಟ್ಟಲೆ ಚರ್ಚೆ. (ಶಿಮ್ಲಾ ಕಡೆಯಿಂದ. ಎತ್ತರ ನಿಧಾನವಾಗಿ ಏರುತ್ತದೆ, ತಲೆ ಸುತ್ತುವುದು ಕಡಿಮೆ.) ಸೈಕಲ್ ರೈಲಿನಲ್ಲಿ ಹಾಕಬೇಕೋ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕೋ? ಹಿಂದೆ ಒಂದು ಜೀಪು ಬೇಕೋ ಬೇಡವೋ? ಚಳಿಗೆ ಗ್ಲುಕೋಮೀಟರ್ ಕೆಲಸ ಮಾಡುತ್ತದೋ ಇಲ್ಲವೋ? ನಸ್ರೀನ್ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಲೇ ಸ್ಪಿತಿಯ ಕಾಜಾ ಊರಿನ ಹೋಟೆಲುಗಳಿಗೆ ಫೋನ್ ಮಾಡುತ್ತಿದ್ದಳು.

ನಾನಂತೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದೆ. ಗ್ಲೌಸು, ಕನ್ನಡಕ, ಹಿಂಭಾಗಕ್ಕೆ ಸ್ಪಂಜು ಇಟ್ಟ ಸೈಕಲ್ ಚಡ್ಡಿ. ಅದನ್ನು ತಾರಸಿಯಲ್ಲಿ ಒಣಗಿಹಾಕಿದಾಗ ಪಕ್ಕದ ಮನೆಯ ಆಂಟಿ ಇದೇನಮ್ಮಾ ಎಂದು ಕೇಳಿದರು. ಸೀಟ್ ಕವರ್ ಎಂದೆ. ಸುಳ್ಳೇನಲ್ಲವಲ್ಲ? ಅಷ್ಟು ದೂರ ಹೋಗಿ ಸೈಕಲ್ ತುಳಿಯಬೇಕಾ, ಇಲ್ಲಿ ರೋಡಿಲ್ವಾ ಎಂದೂ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಇನ್ನೂ ಹೊಳೆದಿಲ್ಲ.

ಎಲ್ಲ ಮುಗಿದು, ಇನ್ನೇನು ರೈಲಿಗೆ ಮೂವರ ಹೆಸರು ಹಾಕಬೇಕು ಎನ್ನುವ ದಿನ ರತ್ನಳ ವಾಯ್ಸ್ ಮೆಸೇಜ್ ಬಂತು. "ನೀವಿಬ್ರೂ ಹೋಗ್ಬನ್ನಿ ಕಣೇ. ನಂಗಾಗಲ್ಲ." ಹಿಂದಿನಿಂದ ಹಸು ಅಂಬಾ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಸಂಜೆಯೇ ನಾನೂ ನಸ್ರೀನೂ ಕ್ಯಾಲನೂರಿಗೆ ಹೋದೆವು. ಗಂಡ ಬೇಡ ಅಂದಿರಬೇಕು ಎಂದು ದಾರಿಯುದ್ದಕ್ಕೂ ಮುನಿರಾಜುವನ್ನು ಬೈದುಕೊಂಡೇ ಹೋಗಿದ್ದೆವು. ನೋಡಿದರೆ ಅವನು ನಮಗೆ ಕುರ್ಚಿ ಹಾಕಿ, ಸೀಬೆಹಣ್ಣು ಹೆಚ್ಚಿಕೊಟ್ಟು, ತಾನೇ ಮಾತು ತೆಗೆದ.

"ನಾನೇನ್ ಬೇಡಾಂದ್ನಾ ಅಕ್ಕಾ? ಹೋಗ್ಲಿ, ಊರು ನೋಡ್ಲಿ. ಆದ್ರೆ ರಾಣಿ ಬಿಡ್ಬೇಕಲ್ಲ? ಇವಳು ಬಿಟ್ಟು ಬೇರೆಯೋರು ಕೂತ್ರೆ ಹಾಲೇ ಇಳ್ಸಲ್ಲ ಅದು. ಒದೀತದೆ."

ರಾಣಿ ಎಂದರೆ ಆ ಮನೆಯ ಸೀಮೆ ಹಸು. ಒಳಗಿನಿಂದ ಅವನ ತಾಯಿಯೂ ದನಿಗೂಡಿಸಿದರು. "ಬೇರೆ ಕೈಗೆ ಪಾಲು ಇಯ್ಯದಮ್ಮಾ ಅದು, ಒಂದ್ ತೊಟ್ಟು ಹಾಲೂ ಕೊಡಲ್ಲ. ಕೆಚ್ಚಲು ಬಾವು ಬಂದ್ರೆ ಏನ್ ಗತಿ?"

ಅಂದರೆ ಅತ್ತೆಯ ಅಡ್ಡಿಯಿಲ್ಲ, ಗಂಡನ ಅಡ್ಡಿಯಿಲ್ಲ. ಎಲ್ಲರೂ ಎಷ್ಟು ಒಳ್ಳೆಯವರು! ಅಡ್ಡಿಯೆಲ್ಲಾ ಹಸುವಿನದು.

ನಮ್ಮಲ್ಲಿ ಹೆಂಗಸರಿಗೆ ಪರ್ಮಿಷನ್ನಿಗೆ ಬರವಿದೆ ಎಂದು ಯಾರು ಹೇಳಿದ್ದು? ನಮ್ಮ ಮನೆಯವರೂ ಸ್ಪಿತಿ ಎಂದೊಡನೆ "ಧಾರಾಳವಾಗಿ ಹೋಗ್ಬಾ" ಎಂದಿದ್ದರು. ಮರುಕ್ಷಣವೇ "ದೋಸೆ ಹಿಟ್ಟು ಎಷ್ಟು ದಿನ ಕೆಡದೆ ಇರುತ್ತೆ?" ಎಂದೂ ಕೇಳಿದ್ದರು. ಹೋಗು ಎನ್ನುವುದು ಸುಲಭ, ಬಾಯಿ ತೆರೆದರೆ ಆಯಿತು. ಹೋದವಳ ಕೆಲಸಕ್ಕೆ ಯಾರು ಕೂರಬೇಕು ಎನ್ನುವಾಗ ಮಾತ್ರ ಎಲ್ಲರ ಕಣ್ಣೂ ಕೊಟ್ಟಿಗೆಯ ಕಡೆ ತಿರುಗುತ್ತದೆ.

ರತ್ನ ಲೋಟ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಆಗ ಅವಳು ಹೇಳಿದ ವಿಷಯ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವಳ ಅಮ್ಮ ಶ್ರೀನಿವಾಸಪುರದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಕ್ಯಾಲನೂರಿನಿಂದ ದೂರವೇನಲ್ಲ, ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಹೋಗಬಹುದು. ರತ್ನ ಹೋಗುತ್ತಾಳೆ. ಬೆಳಗಿನ ಹಾಲು ಕರೆದು ಹೋಗುತ್ತಾಳೆ, ಸಂಜೆಯ ಹಾಲಿಗೆ ವಾಪಸ್ ಬರುತ್ತಾಳೆ. ಹಸು ಕಟ್ಟಿದಾಗಿನಿಂದ ಒಂದು ರಾತ್ರಿಯೂ ಅಮ್ಮನ ಮನೆಯಲ್ಲಿ ಮಲಗಿಲ್ಲ. ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗಲೂ ಸಂಜೆಯ ಬಸ್ಸಿಗೆ ಎದ್ದು ಬಂದಳು.

"ಇವತ್ತೊಂದಿನ ಇರೇ ಅಂತು ಅಮ್ಮ. ಪಟ್ಟಿ ಕಟ್ಟಿತ್ತಲ್ಲ, ನಾನು ಎದ್ದಿದ್ದು ಕಾಣ್ಲಿಲ್ಲ. ಬಳೆ ಸದ್ದಿಗೆ ಗೊತ್ತಾಯ್ತು," ಎಂದಳು. ಅಷ್ಟು ಹೇಳಿ ಲೋಟ ಉಜ್ಜತೊಡಗಿದಳು. ತೇರಹಳ್ಳಿ ಬಂಡೆಯ ಮೇಲೆ ಅವಳು ಆಡಿದ ಮಾತು ನನಗೆ ಈಗ ಅರ್ಥವಾಯಿತು. ಬೇಜಾರಾಯಿತು. ನಾನು ನಕ್ಷೆ ನೋಡುತ್ತಿದ್ದೆ, ಅವಳು ಬೇರೇನೋ ಲೆಕ್ಕ ಹಾಕುತ್ತಿದ್ದಳು.

ವಾಪಸ್ ಬಂದಾಗ ಜಗುಲಿಯಲ್ಲಿ ನಸ್ರೀನ್ ವಿಚಾರಣೆ ಶುರುಮಾಡಿದ್ದಳು. ಬಟ್ಟೆ ವ್ಯಾಪಾರದವಳು, ಚೌಕಾಸಿ ಅವಳಿಗೆ ರಕ್ತದಲ್ಲೇ ಇದೆ.

"ಅಣ್ಣಾ, ರಾಣಿ ನಿಮಗೆ ಒದ್ದಿದ್ದು ಯಾವಾಗ?"

"ಒದೀತು ಅಕ್ಕಾ. ಜೋರಾಗೇ ಒದೀತು."

"ಹೌ, ಒದೀತು. ಯಾವಾಗ?"

ಮುನಿರಾಜು ಯೋಚಿಸಿದ. ಮೀಸೆ ಸವರಿದ. "ಅದು... ರಾಣಿ ಅಲ್ಲ. ಅದಕ್ಕೆ ಮುಂಚೆ ಇತ್ತಲ್ಲ, ಗಂಗಿ, ಅದು."

"ಗಂಗಿಗೂ ಇದೇ ಹಟನಾ?"

"ಹೂಂ. ಅದಕ್ಕೂ ಮುಂಚಿನದ್ದಕ್ಕೂ ಇದೇ."

"ಅರೇ ವಾಹ್," ಎಂದಳು ನಸ್ರೀನ್. "ಎಲ್ಲಾ ಹಸುಗೂ ನಿಮ್ಮ ಕೈ ಕಂಡ್ರೇ ಆಗಲ್ಲ. ರಾಣಿ ಹತ್ರ ಒಂದ್ಸಲಾನಾದ್ರೂ ಕೂತು ನೋಡಿದ್ದೀರಾ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿದು ನೋಡುವ ಮೊದಲೇ ನೆಲಕ್ಕೆ ಕೆಟ್ಟ ಹೆಸರು ಬಂದಿತ್ತು. ಮುನಿರಾಜು ಸೀಬೆಹಣ್ಣಿನ ತಟ್ಟೆ ನೋಡುತ್ತಾ ಕೂತ. ಕೆಟ್ಟವನಲ್ಲ. ಟೊಮೆಟೊ ತೋಟದಲ್ಲಿ ಬೆವರು ಸುರಿಸಿ ದುಡಿಯುವವನು. ಹಾಲು ಕರೆಯುವುದು ರತ್ನಳ ಕೆಲಸ ಎಂದು ಯಾರೂ ತೀರ್ಮಾನಿಸಿರಲಿಲ್ಲ, ಅದು ತನ್ನಷ್ಟಕ್ಕೆ ಹಾಗೆ ಆಗಿತ್ತು.

ಆಗ ಅವನ ತಾಯಿ ಹೊರಗೆ ಬಂದು, ತರಕಾರಿ ರೇಟು ಹೇಳುವಷ್ಟು ಆರಾಮಾಗಿ, ಹೇಳಿದರು: "ಅವಳ ಬಟ್ಟೆ ಹಾಕ್ಕೊಂಡು ಕೂತ್ಕೋಳೋ. ಹಸುಗೆ ವಾಸನೆ ಗುರ್ತು. ನಾನು ಬಾಣಂತನಕ್ಕೆ ಹೋದಾಗ ನಿಮ್ಮಪ್ಪ ನನ್ನ ಸೀರೆ ಸುತ್ಕೊಂಡೇ ಕರೀತಿದ್ದ."

ನಾವೆಲ್ಲಾ ಅವರನ್ನೇ ನೋಡಿದೆವು. ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ ಎಂದು ರತ್ನ ಕೇಳಿದಳು.

"ಯಾರು ಕೇಳಿದ್ರು?" ಎಂದರು ಅತ್ತೆ.

ಮರುದಿನದಿಂದಲೇ ಟ್ರೈನಿಂಗ್ ಶುರು. ನಮಗಲ್ಲ, ಮುನಿರಾಜುಗೆ. ನಮ್ಮ ಗ್ರೂಪಿನಲ್ಲಿ ಸ್ಪಿತಿಯ ಸುದ್ದಿ ನಿಂತು ಕೊಟ್ಟಿಗೆಯ ಸುದ್ದಿ ಬರತೊಡಗಿತು. ಮೊದಲ ದಿನ ಪಂಚೆ ಉಟ್ಟೇ ಕೂತ (ಮರ್ಯಾದೆಯ ಪ್ರಶ್ನೆ), ಬಕೆಟ್ ಉರುಳಿತು. ಆಮೇಲೆ ನೈಟಿ ಹಾಕಿದ. ರಾಣಿ ಕತ್ತು ತಿರುಗಿಸಿ ಮೂಸಿ ನೋಡಿತು, ಒದೆಯಲಿಲ್ಲ, ಹಾಲನ್ನೂ ಕೊಡಲಿಲ್ಲ. ರತ್ನ ಹುಲ್ಲಿನ ಬಣವೆಯ ಹಿಂದೆ ನಿಂತು ನೋಡುತ್ತಿದ್ದದ್ದು ಅದಕ್ಕೆ ಗೊತ್ತಾಗಿತ್ತು. ಕೊನೆಗೆ ಅವಳನ್ನು ಮನೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಅವತ್ತು ಒಂದು ಲೋಟದಷ್ಟು ಬಂತು. ಮಿಕ್ಕಿದ್ದನ್ನು ರತ್ನಳೇ ಹೋಗಿ ಕರೆದಳು.

ಸುದ್ದಿ ಡೈರಿ ತಲುಪದೆ ಇರುತ್ತದೆಯೇ? "ಏನ್ಲಾ ಮುನಿರಾಜಾ, ನೈಟಿ ಸೈಜು ಸರಿಯಾಗೈತಾ?" ಎಂದು ಕ್ಯೂನಲ್ಲಿದ್ದವರೊಬ್ಬರು ಕೇಳಿದರಂತೆ. "ಲೇ, ನಿಂಗೂ ಒಂದ್ ತರಿಸ್ತೀನಿ, ಸುಮ್ನಿರು," ಎಂದನಂತೆ ಇವನು. ಅದನ್ನು ಕೇಳಿ ನನಗೆ ಅವನ ಮೇಲೆ ಗೌರವ ಬಂತು.

ಹೀಗೆ ಕಳೆದ ಭಾನುವಾರಕ್ಕೆ ಬಂದೆವು. ರತ್ನ ಬಾಗಿಲ ಸಂದಿಯಲ್ಲಿ, ನಾವಿಬ್ಬರೂ ಗೋಡೆಯ ಈಚೆ. ಮುನಿರಾಜು ಬೂಸಾ ಇಟ್ಟ, ಕೆಚ್ಚಲು ತೊಳೆದ, ಕೂತ. ರಾಣಿ ಬೂಸಾ ನೆಕ್ಕುತ್ತಲೇ ಇತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ನಸ್ರೀನ್ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು. ಚರ್ರ್, ಚರ್ರ್. ನಿಲ್ಲಲಿಲ್ಲ. ನೊರೆ ಅಂಚಿಗೆ ಬರುವವರೆಗೂ ನಿಲ್ಲಲಿಲ್ಲ.

ನಾವು ಚಪ್ಪಾಳೆ ತಟ್ಟಿದೆವು. ಮುನಿರಾಜು ನೈಟಿಯಲ್ಲೇ ಎದ್ದು ನಿಂತು ಬಕೆಟ್ ಎತ್ತಿ ತೋರಿಸಿದ. ರತ್ನ ಹೊರಗೆ ಬಂದಳು. ನಕ್ಕಳು. ಆಮೇಲೆ ರಾಣಿಯ ಹತ್ತಿರ ಹೋಗಿ ಅದರ ಹಣೆಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

"ಕಳ್ಳಿ. ಕೊಟ್ಟೇಬಿಟ್ಯಲ್ಲೇ?"

ಅವಳಿಗೆ ಖುಷಿಯಾಗಿತ್ತು, ಅಷ್ಟೇ ನೋವೂ ಆಗಿತ್ತು. ತಾನಿಲ್ಲದೆ ನಡೆಯುವುದಿಲ್ಲ ಎಂದು ಇಷ್ಟು ಕಾಲ ನಂಬಿದ್ದು ಒಂದು ನೈಟಿಯಲ್ಲಿ ನಡೆದುಹೋದರೆ ಯಾರಿಗಾದರೂ ಹಾಗಾಗುತ್ತದೆ. ಬಂದು ನಮ್ಮ ಪಕ್ಕ ಕೂತಳು. "ಹಂಗಾದ್ರೆ ಅವತ್ತು ಅಮ್ಮನ ಹತ್ರ ಇರಬಹುದಿತ್ತು," ಎಂದಳು. ಯಾರನ್ನೂ ನೋಡದೆ ಹೇಳಿದಳು. ಮುನಿರಾಜು ಹಾಲನ್ನು ಕ್ಯಾನಿಗೆ ಸುರಿದು, ಅವಳ ಸೈಕಲ್ ಹತ್ತಿ ತಾನೇ ಡೈರಿಗೆ ಹೊರಟ. (ನೈಟಿ ಬಿಚ್ಚಿಟ್ಟು.)

ರೈಲಿಗೆ ಮೂವರ ಹೆಸರೂ ಬಿತ್ತು. ನಸ್ರೀನ್ ಅಲ್ಲೇ ಕೂತು ಬುಕ್ ಮಾಡಿದಳು. ಆದರೆ ಸ್ಪಿತಿಗೆ ಹೋಗುವ ಮುಂಚೆ ಒಂದು ರಿಹರ್ಸಲ್ ಆಗಲೇಬೇಕು ಎಂದಳು. ರತ್ನ ಊರಿನಲ್ಲೇ ಇರಬಾರದು, ಮುನಿರಾಜು ಎರಡು ಹೊತ್ತೂ ಒಬ್ಬನೇ ಕರೆಯಬೇಕು. ಎಲ್ಲಿಗೆ ಹೋಗೋಣ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಬರುವ ಶನಿವಾರ ಮೂವರೂ ಶ್ರೀನಿವಾಸಪುರಕ್ಕೆ ಸೈಕಲ್ ತುಳಿಯುತ್ತೇವೆ. ದಾರಿಯಲ್ಲಿ ಹಿಮ ಇಲ್ಲ, ಮಾವಿನ ತೋಪುಗಳಿವೆ. ರಾತ್ರಿ ಅಲ್ಲೇ ವಾಸ್ತವ್ಯ.

ರತ್ನ ಆಗಲೇ ಅಮ್ಮನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಆನ್ ಇತ್ತು.

"ಅಮ್ಮಾ, ಶನಿವಾರ ಬರ್ತೀನಿ. ರಾತ್ರಿ ಅಲ್ಲೇ ಇರ್ತೀನಿ."

ಆ ಕಡೆಯಿಂದ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ರತ್ನ ಮೊಬೈಲ್ ನೋಡಿದಳು.

"ರಾತ್ರಿನಾ?"

"ಹೂಂ ಅಮ್ಮ, ರಾತ್ರಿ. ನಿನ್ ಪಕ್ಕದಲ್ಲೇ ಮಲಗ್ತೀನಿ."

ಆಮೇಲೆ ಗಾಬರಿಯ ದನಿಯಲ್ಲಿ ಅಮ್ಮ ಕೇಳಿದರು:

"ಯಾಕಮ್ಮಾ, ನಿಮ್ ಹಸು ಸತ್ತೋಯ್ತಾ?"