ಅಕ್ಕ ಕಲಿತ ವ್ಯಾಪಾರದ ಅಕ್ಷರ

ನಮ್ಮಕ್ಕ ಜಪಾನೀ ಭಾಷೆಯಲ್ಲಿ ಕಲಿತದ್ದು ಒಂದೇ ಒಂದು ಅಕ್ಷರ. ಅದನ್ನು ನನಗೂ ಕಲಿಸಿದಳು. ಈಗಲೂ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ ಬರೆಯುವುದಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಒಂಟಿಕೊಪ್ಪಲಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಅಪ್ಪ ಗುಮಾಸ್ತರು. ಅಕ್ಕ ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಮದುವೆಗೆ ಮುಂಚೆ ಅವಳು ಇಟ್ಟ ರಂಗೋಲಿಯನ್ನು ತುಳಿಯಲು ಮನಸ್ಸು ಬಾರದೆ ಹಾಲಿನವನು ಚರಂಡಿ ದಾಟಿಕೊಂಡು ಬರುತ್ತಿದ್ದ. ಗಂಡ ಸತ್ತವಳು ಹೊಸಿಲ ಮುಂದೆ ರಂಗೋಲಿ ಇಡಬಾರದೆಂಬುದು ನಮ್ಮವರ ಕಟ್ಟಳೆ. ಅದನ್ನು ಮಾಡಿದವರ ಕೈ ಸೇದಿಹೋಗಲಿ! ಅಮ್ಮನಿಗೆ ಕೀಲುನೋವು, ಅವಳ ರಂಗೋಲಿ ಸೊಟ್ಟಪಟ್ಟ. ಅಕ್ಕ ಕಿಟಕಿಯ ಹಿಂದೆ ನಿಂತು, ಬೆರಳುಗಳಿಗೆ ಸೆರಗು ಸುತ್ತಿಕೊಂಡು ಅದನ್ನೇ ನೋಡುತ್ತಿದ್ದಳು.

ಹೊತ್ತು ಹೋಗಲೆಂದು ಊದುಬತ್ತಿ ಹೊಸೆಯುವ ಕೆಲಸ ಹಿಡಿದಳು. ದೇವರಾಜ ಮೊಹಲ್ಲಾದ ಸಾಹುಕಾರರೊಬ್ಬರು ಕಡ್ಡಿ, ಹಿಟ್ಟು ಕೊಡುತ್ತಿದ್ದರು. ಮನೆಯಲ್ಲಿ ಹೊಸೆದು ಒಣಗಿಸಿ, ವಾರಕ್ಕೊಮ್ಮೆ ನಾವಿಬ್ಬರೂ ಅವರ ಅಂಗಡಿಗೆ ಒಪ್ಪಿಸಿ ಬರುತ್ತಿದ್ದೆವು. ಒಂದು ದಿನ ಹೋದಾಗ ಅಲ್ಲಿ ಜಪಾನಿನವರೊಬ್ಬರು ಕೂತಿದ್ದರು. ಗಂಧ ಕೊಳ್ಳಲು ಊರಿಗೆ ಬಂದವರಂತೆ. ನಮ್ಮ ಊದುಬತ್ತಿಯನ್ನು ಮೂಸಿ ನೋಡಿ, ತಮ್ಮ ದೇಶದ ಬತ್ತಿಗೆ ಕಡ್ಡಿಯೇ ಇರುವುದಿಲ್ಲವೆಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ನಾನು ಆಗ ಇಂಟರ್ ಓದುತ್ತಿದ್ದೆ. ನನ್ನ ಇಂಗ್ಲಿಷೂ ಮುರುಕೇ ಆದ್ದರಿಂದ ಅವರ ಮಾತು ಚೆನ್ನಾಗಿ ಅರ್ಥವಾಯಿತು. ಮತ್ತೆ ಬರುತ್ತೇನೆ, ಆಗ ಡಬ್ಬಿಯಲ್ಲಿ ಹಾಕಿ ತೋರಿಸಿ ಎಂದರು.

ಸಾಹುಕಾರರು ಹಿಗ್ಗಿಹೋದರು. "ವ್ಯಾಪಾರ ಅನ್ನೋದನ್ನ ಅವ್ರ ಭಾಷೇಲಿ ಹೆಂಗ್ ಬರೀತಾರೆ ಕೇಳಮ್ಮ. ಡಬ್ಬಿ ಮೇಲೆ ಅದನ್ನೇ ಹಾಕಿಸ್ಬುಡೋಣ" ಎಂದು ನನಗೆ ಹೇಳಿದರು. 'ವ್ಯಾಪಾರ' ಎಂದು ಬರೆದ ಡಬ್ಬಿಯನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೋ ಎಂದು ನನಗೆ ನಗು. ಆ ಜಪಾನಿನವರು ಮಾತ್ರ ನಗಲಿಲ್ಲ. ರದ್ದಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ನಿಧಾನವಾಗಿ ಬರೆದರು. ನೆತ್ತಿಯ ಮೇಲೊಂದು ಚುಕ್ಕೆ, ಅದರಡಿ ಅಡ್ಡಗೆರೆ, ಅದಕ್ಕೆ ತಗುಲಿ ಎರಡು ಪುಟ್ಟ ಗೀಟು. ಆಮೇಲೆ ಎಡಕ್ಕೊಂದು ಗೋಡೆ, ಮೇಲೊಂದು ಸೂರು, ಬಲಕ್ಕೊಂದು ಗೋಡೆ. ಒಳಗೆ ಇನ್ನೆರಡು ಗೀಟು, ಅವುಗಳ ಕೆಳಗೆ ಒಂದು ಚೌಕ. ಆ ಚೌಕವೆಂದರೆ ಬಾಯಿ ಎಂದರು. ಗಿರಾಕಿಗಳನ್ನು ಕೂಗಿ ಕರೆಯುವ ಬಾಯಿ ಇರಬೇಕೆಂದು ನಾವೇ ಅರ್ಥ ಮಾಡಿಕೊಂಡೆವು.

ಅಷ್ಟರಲ್ಲಿ ಅಕ್ಕನ ಬೆರಳು ಅವಳ ಮಂಡಿಯ ಮೇಲೆ ಆಡುತ್ತಿತ್ತು. ಅದನ್ನು ಕಂಡು ಅವರು ಪೆನ್ಸಿಲ್ಲನ್ನು ಅವಳತ್ತ ಚಾಚಿದರು. ಅಕ್ಕ ಬರೆದಳು. ಎಲ್ಲ ಸರಿಯಾಗಿ ಬಂತು, ಆದರೆ ಕೊನೆಯಲ್ಲಿ ಎರಡು ಗೋಡೆಗಳ ಬುಡ ಸೇರಿಸಿ ಗೆರೆ ಎಳೆದು ಮುಚ್ಚಿಬಿಟ್ಟಳು. ರಂಗೋಲಿಯಲ್ಲಿ ಗೆರೆಯನ್ನು ತೆರೆದು ಬಿಡಬಾರದೆಂದು ಚಿಕ್ಕಂದಿನಿಂದ ಕಲಿತ ಕೈ, ತಾನಾಗಿಯೇ ಹೋಯಿತು. ಅವರು ಮೆಲ್ಲಗೆ ತಲೆಯಾಡಿಸಿ ಆ ಗೆರೆಯನ್ನು ರಬ್ಬರಿನಿಂದ ಅಳಿಸಿದರು. ಕೆಳಗೆ ತೆರೆದೇ ಇರಬೇಕಂತೆ.

"ಮತ್ತೆ! ಅಂಗಡಿ ಅಂದ್ಮೇಲೆ ಬಾಗ್ಲು ತೆಗ್ದೇ ಇರ್ಬೇಕಲ್ವೇನಮ್ಮ?" ಎಂದರು ಸಾಹುಕಾರರು. ಅಕ್ಕ ನಕ್ಕುಬಿಟ್ಟಳು. ತವರಿಗೆ ಬಂದ ಮೇಲೆ ಅವಳು ಬಾಯಿಬಿಟ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಚೆನ್ನಾಗಿ ಕಲ್ತ್ಕೊಂಡು ಬಾಮ್ಮ. ಡಬ್ಬಿ ಮೇಲೆ ಒತ್ತೋ ಅಚ್ಚು ಕೆತ್ಸೋಕೆ ನೀನೇ ಬರ್ಕೊಡು. ಮಹಡಿ ಮೇಲೆ ಡಬ್ಬಿ ಕೆಲ್ಸ ನೋಡ್ಕೊಳ್ಳೋಕೂ ಒಬ್ರು ಬೇಕು. ನೀನೇ ಬಂದು ಕೂತ್ಕೋ" ಎಂದು ಸಾಹುಕಾರರು ಅಕ್ಕನಿಗೆ ಹೇಳಿದರು.

ವಾಪಸು ಬರುವಾಗ ಅಕ್ಕನ ಬೆರಳು ದಾರಿಯುದ್ದಕ್ಕೂ ಸೆರಗಿನ ಮೇಲೆ ಅದೇ ಅಕ್ಷರ ಗೀಚುತ್ತಿತ್ತು. ಆಮೇಲೆ ಕೇಳಿದಳು: "ದಿನಾ ಬೆಳಿಗ್ಗೆ ಮನೆಯಿಂದ ಹೊರಟು ಎಲ್ಲಿಗಾದ್ರೂ ಹೋಗೋದು ಅಂದ್ರೆ ಹೆಂಗಿರತ್ತೆ ಕಣೇ?" ದಿನವೂ ಕಾಲೇಜಿಗೆ ಹೋಗುತ್ತಿದ್ದ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಕಾಗದ ಹಾಳಾಗುತ್ತದೆಂದು ಅವಳು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ರಂಗೋಲಿ ಪುಡಿಯಲ್ಲೇ ಅಭ್ಯಾಸಕ್ಕೆ ಕೂತಳು. ಪುಡಿ ಬೆರಳುಗಳ ನಡುವೆ ಮತ್ತೆ ಇಳಿಯತೊಡಗಿತು. ಅಮ್ಮ ನೋಡಿ ಗಾಬರಿಯಾದಳು.

"ಏನೇ ಇದು? ರಂಗೋಲಿ ಮುಟ್ಟಿದ್ಯಲ್ಲೇ!"

"ಇದು ರಂಗೋಲಿ ಅಲ್ಲ ಕಣಮ್ಮ, ಅಕ್ಷರ" ಎಂದಳು ಅಕ್ಕ, ತಲೆಯೆತ್ತದೆ.

ಮಾರನೆಯ ದಿನ ಅಮ್ಮ ರಂಗೋಲಿ ಬಟ್ಟಲನ್ನು ತಾನೇ ಹಿತ್ತಿಲಿಗೆ ತಂದಿಟ್ಟು ಏನೂ ಅರಿಯದವಳಂತೆ ಒಳಗೆ ಹೋದಳು. ಅಮ್ಮನನ್ನು ನಾನು ಅವತ್ತು ಪ್ರೀತಿಸಿದಷ್ಟು ಯಾವತ್ತೂ ಪ್ರೀತಿಸಲಿಲ್ಲ.

ಅಚ್ಚಿಗೆ ಬರೆದುಕೊಡಬೇಕಾದ ವಾರವೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ಅವತ್ತು ಬೆಳಿಗ್ಗೆ ಅಮ್ಮನಿಗೆ ಜ್ವರ. ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅಕ್ಕ ಬಾಗಿಲು ಸಾರಿಸಿ, ಹೊಸಿಲ ಮುಂದೆ ಆ ಅಕ್ಷರವನ್ನು ಬರೆದಿದ್ದಳು. ಸುತ್ತ ಕೆಮ್ಮಣ್ಣಿನ ಅಂಚು. ಬೀದಿಗೆಲ್ಲ ಕಾಣುವಷ್ಟು ದೊಡ್ಡದು. ನೆತ್ತಿಯ ಚುಕ್ಕೆಯಿಂದ ಬಾಯಿಯವರೆಗೆ ಒಂದು ಗೆರೆಯೂ ನಡುಗಿರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಎದುರು ಮನೆಯಾಕೆ ಗೇಟಿನ ಬಳಿ ನಿಂತು, "ಯಾರು ಇಟ್ಟಿದ್ದು ಇದನ್ನ?" ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಅವರಿಗೆ ಗೊತ್ತಿದೆಯೆಂದು ಗೊತ್ತಾಯಿತು. ಅಪ್ಪ ಹೊರಗೆ ಬಂದು ನೋಡಿದರು. ಬಚ್ಚಲಿನಿಂದ ಬಿಂದಿಗೆ ತುಂಬ ನೀರು ತಂದರು.

"ಇದು ಅಕ್ಷರ, ಅಪ್ಪ" ಎಂದಳು ಅಕ್ಕ.

"ಇವತ್ತೊಂದಿನ ಬ್ಯಾಡ ಕಣಮ್ಮ. ಇವಳ ಮದ್ವೆ ವಿಷ್ಯ" ಎಂದು ಸುರಿದುಬಿಟ್ಟರು.

ಬೈದಿದ್ದರೆ ಅವಳು ಅಳುತ್ತಿದ್ದಳೋ ಏನೋ. ನಮ್ಮಪ್ಪ ಯಾರಿಗೂ ಗದರಿದವರಲ್ಲ. ಅಷ್ಟು ಸಾಧು ಮನುಷ್ಯ ಅಷ್ಟು ಮೆತ್ತಗೆ ಹೇಳಿದ್ದಕ್ಕೇ ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ. ಬಿಳಿಯ ನೀರು ಕೆಂಪಾಗಿ ಚರಂಡಿಗೆ ಹರಿಯಿತು. ಅಮ್ಮ ಜ್ವರದಲ್ಲೇ ಎದ್ದು ಬಂದು ನಾಲ್ಕು ಸೊಟ್ಟ ಗೆರೆ ಎಳೆದಳು. ಬಂದವರು ಕೇಸರಿಬಾತು ತಿಂದು ನನ್ನನ್ನು ಒಪ್ಪಿದರು.

ಮಾರನೆಯ ದಿನ ಕಾಗದ, ಮಸಿ ತಂದು ಅಕ್ಕನ ಮುಂದಿಟ್ಟೆ. ಅವಳು ಲೇಖನಿಯನ್ನು ಮಸಿಯಲ್ಲಿ ಅದ್ದಿ, ಒರೆಸಿ ಕೆಳಗಿಟ್ಟಳು. "ಕೈ ಬರಲ್ಲ ಕಣೇ" ಎಂದಳು. ನಾನು ಬರೆಯಲು ಹೋದೆ, ಆಗಿನ್ನೂ ನನಗೆ ಕೈ ಕೂಡಿರಲಿಲ್ಲ, ಜೇಡರಹುಳು ಸತ್ತುಬಿದ್ದ ಹಾಗೆ ಬಂತು. ಸಾಹುಕಾರರು ಎರಡು ಸಲ ಹೇಳಿಕಳಿಸಿದರು. ಆಮೇಲೆ ಮಹಡಿಯ ಕೆಲಸಕ್ಕೆ ಬೇರೆ ಯಾರನ್ನೋ ಕೂರಿಸಿದರು. ಆ ಜಪಾನಿನವರು ಮತ್ತೆ ಬಂದರೋ ಇಲ್ಲವೋ ನಾವು ಕೇಳಲಿಲ್ಲ. ಅಕ್ಕ ಊದುಬತ್ತಿ ಹೊಸೆಯುತ್ತಲೇ ಇದ್ದಳು, ಕಟ್ಟುಗಳನ್ನು ಮಾತ್ರ ಅಪ್ಪ ಒಪ್ಪಿಸಿ ಬರುತ್ತಿದ್ದರು.

ಕೆಲವು ವರ್ಷದ ಮೇಲೆ ನನ್ನ ಮಗಳ ನಾಮಕರಣ ತವರಿನಲ್ಲೇ ಆಯಿತು. ಅಷ್ಟರಲ್ಲಿ ಅಮ್ಮ ತೀರಿಹೋಗಿದ್ದಳು. ಅಕ್ಕನ ಕೂದಲು ಆಗಲೇ ನರೆಯತೊಡಗಿತ್ತು. ಆ ಬೆಳಿಗ್ಗೆ ಅಪ್ಪ ರಂಗೋಲಿ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ನೀನೇ ಇಡಮ್ಮ ಇವತ್ತು. ನಿಂದೇ ಆ ಅಕ್ಷರ ಇಡು. ಯಾರೇನಂದ್ರೂ ನಾನಿದ್ದೀನಿ" ಎಂದರು.

ಅಕ್ಕ ಬಟ್ಟಲು ತೆಗೆದುಕೊಂಡು ಹೊರಗೆ ಹೋದಳು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತೆ, ಅಪ್ಪ ನನ್ನ ಪಕ್ಕದಲ್ಲಿ. ಚುಕ್ಕೆ, ಅಡ್ಡಗೆರೆ, ಗೋಡೆ, ಸೂರು, ಬಾಯಿ. ಏನೂ ಮರೆತಿರಲಿಲ್ಲ. ಕೊನೆಗೆ ಎರಡು ಗೋಡೆಗಳ ಬುಡ ಸೇರಿಸಿ ಒಂದು ಗೆರೆ ಎಳೆದಳು.

"ಅಕ್ಕ, ಕೆಳಗೆ ತೆಗ್ದಿರಬೇಕಲ್ವಾ? ಮರ್ತ್ಬುಟ್ಯಾ?" ಎಂದೆ.

"ಮರ್ತಿಲ್ಲ ಕಣೇ. ಅಂಗಡಿಗಾದ್ರೆ ತೆಗ್ದಿರಬೇಕು. ಇದು ರಂಗೋಲಿ ತಾನೆ?" ಎಂದಳು.

ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟು, ಕೈ ತೊಳೆಯಲು ಹಿತ್ತಿಲಿಗೆ ಹೋದಳು.