ದನಿ ಹೋದ ದಿನ

ಆ ವರ್ಷ ಮಾರ್ಚಿನಲ್ಲಿ, ಟೆಕ್ಸಾಸಿನ ಸೈಪ್ರೆಸ್ ಎಂಬ ನಮ್ಮ ಊರಿನಲ್ಲಿ, ಓಕ್ ಮರಗಳ ಪರಾಗ ಎಂದಿಗಿಂತ ಹೆಚ್ಚೇ ಉದುರಿತ್ತು. ಮನೆ ಮುಂದೆ ನಿಂತ ಕಾರು ಬೆಳಗಾಗುವುದರೊಳಗೆ ಅರಿಶಿನ ಬಳಿದಂತಾಗುತ್ತಿತ್ತು. ಎರಡು ದಿನ ಕೆಮ್ಮಿ ಕೆಮ್ಮಿ, ಮೂರನೆಯ ದಿನ ಎದ್ದಾಗ ನನ್ನ ದನಿ ಪೂರ್ತಿ ಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ.

ಮನೆಯಲ್ಲೇ ಮಗಳಿಗೆ ಪಾಠ ಹೇಳುತ್ತಿದ್ದ ನಾನು ಅಂದು ರಜೆ ಕೊಡಬಹುದಿತ್ತು. ಕೊಡಲಿಲ್ಲ. ಅವಳಿಗೆ ಆಗ ಒಂಬತ್ತು ವರ್ಷ. ಎರಡನೆಯ ತರಗತಿಯ ನಡುವೆಯೇ ಶಾಲೆ ಬಿಡಿಸಿ ಒಂದೂವರೆ ವರ್ಷವಾಗುತ್ತ ಬಂದಿತ್ತು. ಅಲ್ಲಿನ ಟೀಚರ್ ಒಮ್ಮೆ ನನ್ನನ್ನು ಕರೆಸಿ, ಇವಳಿಗೆ ಓದುವುದು ಕಷ್ಟವಾಗುತ್ತಿದೆ, ಯಾಕೆಂದು ಪರೀಕ್ಷೆ ಮಾಡಿಸೋಣ, ನಿಮ್ಮ ಸಹಿ ಬೇಕು ಎಂದು ಒಂದು ಕಾಗದ ಕೊಟ್ಟಿದ್ದರು. ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಆರು ವರ್ಷ ಗಣಿತ ಕಲಿಸಿ ಬಂದವಳು ನಾನು. ನನ್ನ ಮಗಳಿಗೆ ಓದಲು ಬರುವುದಿಲ್ಲ ಎಂದರೇನು? ಕಾಗದವನ್ನು ಪಾಸ್‌ಪೋರ್ಟುಗಳ ಫೈಲಿನೊಳಗೆ ತುರುಕಿದೆ. ಗಂಡನಿಗೆ ಹೇಳಿದ್ದು ಬೇರೆಯೇ.

"ಆ ಸಾಲ್ಯಾಗ ಏನೂ ಕಲಸೂದಿಲ್ರಿ. ನಾನ ಮನ್ಯಾಗ ಕಲಸ್ತೀನಿ."

ಟೆಕ್ಸಾಸಿನಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಶಾಲೆಗೊಂದು ಪತ್ರ ಬರೆದರೆ ಮುಗಿಯಿತು.

ನಮ್ಮ ತರಗತಿ ಊಟದ ಟೇಬಲ್ಲಿನಲ್ಲೇ ನಡೆಯುತ್ತಿತ್ತು. ಗಂಡ ಆಫೀಸಿಗೆ ಹೊರಟ ಮೇಲೆ ಅವಲಕ್ಕಿಯ ತಟ್ಟೆಗಳನ್ನು ಎತ್ತಿಟ್ಟು ಪುಸ್ತಕ ತೆರೆಯುತ್ತಿದ್ದೆವು. ಉಚ್ಚಾರ ತಪ್ಪಬಾರದೆಂದು ಮೊದಲು ನಾನು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ, ಆಮೇಲೆ ಅವಳು. ಅಡೆತಡೆಯಿಲ್ಲದೆ ಓದಿಬಿಡುತ್ತಿದ್ದಳು. ವಾರಕ್ಕೊಮ್ಮೆ ಪಾರ್ಕಿನಲ್ಲಿ ಸೇರುತ್ತಿದ್ದ ಹೋಮ್‌ಸ್ಕೂಲ್ ತಾಯಂದಿರ ಎದುರು ನಾನು ಅದನ್ನು ಹೇಳಿಕೊಂಡು ಬೀಗುತ್ತಿದ್ದೆ.

ಅಂದು ಗಂಟಲು ಮುಟ್ಟಿ ತೋರಿಸಿ, ಹೊಸ ಪಾಠವನ್ನು ಅವಳ ಮುಂದೆ ಸರಿಸಿ, ನೀನೇ ಓದು ಎಂದು ಸನ್ನೆ ಮಾಡಿದೆ.

ಅವಳು ನೀರು ಕುಡಿದು ಬಂದಳು. ಚೂಪಾಗಿಯೇ ಇದ್ದ ಪೆನ್ಸಿಲನ್ನು ಮತ್ತೆ ಕೆತ್ತಿದಳು. "ಮೈ ಟಮ್ಮಿ ಹರ್ಟ್ಸ್" ಎಂದಳು. ನಾನು ಬೆರಳಿನಿಂದ ಪುಟ ಕುಟ್ಟಿದೆ. ಕೊನೆಗೆ ಶುರುಮಾಡಿದಳು. ಒಬ್ಬ ಹುಡುಗಿ ದೋಣಿಯಲ್ಲಿದ್ದಾಳೆ, ಅವಳ ನಾಯಿ ನೀರಿಗೆ ಬಿತ್ತು, ಅವಳೂ ಹಿಂದೆಯೇ ಹಾರಿದಳು. ಎಲ್ಲ ಸರಾಗ, ಎಲ್ಲ ನನ್ನದೇ ಏರಿಳಿತ. ಬಗ್ಗಿ ನೋಡಿದೆ. ಆ ಪುಟದಲ್ಲಿ ಯಾರೂ ನೀರಿಗೆ ಬಿದ್ದಿರಲಿಲ್ಲ. ಚಿತ್ರದಲ್ಲಿ ದೋಣಿ, ಹುಡುಗಿ, ನಾಯಿ ಇದ್ದವು. ಮಿಕ್ಕಿದ್ದನ್ನು ಅವಳೇ ಕಟ್ಟಿ ಹೇಳುತ್ತಿದ್ದಳು.

ಒಂದು ಸಣ್ಣ ಪದದ ಮೇಲೆ ಬೆರಳಿಟ್ಟೆ. ಅದು 'ವಾಸ್'. ಅವಳು ಅಕ್ಷರಗಳನ್ನು ಹಿಂದುಮುಂದಾಗಿ ಓದಿ 'ಸಾ' ಎಂದಳು. ಇನ್ನೊಂದರ ಮೇಲೆ ಬೆರಳಿಟ್ಟರೆ ಪುಸ್ತಕ ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು.

ಕೂಗಲು ದನಿಯಿರಲಿಲ್ಲ. ಕೈ ಎದ್ದಿತು. ಅವಳ ಕೆನ್ನೆಗೆ ಹೊಡೆದೆ. ಅದೇ ಮೊದಲು, ಅದೇ ಕೊನೆ. ಆದರೆ ಹೊಡೆದೆ.

ಅವಳು ಅಳಲಿಲ್ಲ. "ಐ ಡೋಂಟ್ ರೀಡ್ ಇಟ್, ಅಮ್ಮಾ," ಎಂದಳು. "ನೀ ಓದ್ತೀಯಲ್ಲಾ, ಐ ಜಸ್ಟ್ ರಿಮೆಂಬರ್." ಹಾಗೆಂದವಳೇ ಎದ್ದುಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು.

ಬಾಗಿಲು ತಟ್ಟಿದೆ. ತೆಗೆಯಲಿಲ್ಲ. ಕರೆಯಲು ಹೋದರೆ ಉಸಿರಷ್ಟೇ ಹೊರಟಿತು. ಟೇಬಲ್ಲಿಗೆ ಓಡಿ ನೋಟ್‌ಬುಕ್ಕಿನ ಹಾಳೆ ಹರಿದು, ಇಂಗ್ಲಿಷಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ನನ್ನದು ತಪ್ಪಾಯಿತು, ಬಾಗಿಲು ತೆಗಿ ಬಂಗಾರ. ಕೆಳಗಿನ ಸಂದಿಯಿಂದ ಒಳಗೆ ತಳ್ಳಿದೆ. ಅವಳು ಅದನ್ನು ಎತ್ತಿಕೊಂಡದ್ದು ಕೇಳಿಸಿತು. ಕಾದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ದನಿ ಬಂತು.

"ವಾಟ್ ಡಸ್ ಇಟ್ ಸೇ?"

ಅವಳು ಹಟ ಮಾಡುತ್ತಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಅಷ್ಟು ತಿಂಗಳು ನನ್ನೆದುರೇ ಕೂತು, ನನಗೆ ಬೇಸರವಾಗದಿರಲೆಂದು ಪುಟಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದಳು. ಕಾರ್ಪೆಟ್ಟಿನ ಮೇಲೆ ಮಲಗಿ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದೆ. "ತಪ್ಪಾತು ಅಂತ ಬರ್ದೇನಿ. ಹೊರಗ ಬಾ." ಮೂರನೆಯ ಸಲಕ್ಕೆ ಚಿಲಕ ತೆಗೆದಳು.

ಮಧ್ಯಾಹ್ನ ಮೊಸರನ್ನ ಕಲಸಿ ಕೊಟ್ಟೆ. ಅರ್ಧ ತಿಂದು ಕೇಳಿದಳು, "ಆಮ್ ಐ ಡಂಬ್?"

ಅಲ್ಲ ಎಂದು ತಲೆಯಾಡಿಸಿದೆ.

"ದೆನ್ ವೈ ಡಿಡ್ ಯೂ ಹಿಟ್ ಮೀ?"

ಅವಳ ತಟ್ಟೆಯ ಅಂಚಿನ ಅನ್ನವನ್ನು ಚಮಚದಿಂದ ನಡುವಿಗೆ ಕೂಡಿಸಿದೆ.

ಸಂಜೆ ಅವರು ಬಂದು ಶೂ ಬಿಚ್ಚುವ ಮೊದಲೇ ಟೀಚರ್ ಕೊಟ್ಟಿದ್ದ ಕಾಗದವನ್ನು ತಂದು ಕೈಗೆ ಕೊಟ್ಟೆ. ಎರಡು ಸಲ ಓದಿದರು.

"ಇದನ್ನ ಯಾವಾಗ ಕೊಟ್ಟಿದ್ರು?"

"ಸಾಲಿ ಬಿಡಸೂಕಿಂತ ಮೊದಲ," ಎಂದು ಪಿಸುಗುಟ್ಟಿದೆ.

"ನನಗ್ಯಾಕ ತೋರಿಸಲಿಲ್ಲ?"

"ನಾಚಿಕಿ ಆತ್ರಿ."

"ಆಕಿ ಸಲುವಾಗೊ, ನಿನ್ನ ಸಲುವಾಗೊ?"

ಕೆನ್ನೆಗೆ ಹೊಡೆದದ್ದನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಮಗಳ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತರು. ಮುಂದಿನ ಎರಡು ದಿನ ನನ್ನೊಂದಿಗೆ ಬೇಕಾದಷ್ಟೇ ಮಾತು.

ವಾರದ ನಂತರ ಮಗಳನ್ನು ಕರೆದುಕೊಂಡು ಇಬ್ಬರೂ ಅದೇ ಶಾಲೆಗೆ ಹೋದೆವು. ಮನೆಯಲ್ಲಿ ಕಲಿಯುವ ಮಗುವಿಗೂ ಶಾಲೆಯವರು ಪರೀಕ್ಷೆ ಮಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ, ಕೇಳಿರಲೂ ಇಲ್ಲ. ಆ ಟೀಚರ್ ಕಾರಿಡಾರಿನಲ್ಲಿ ಎದುರಾದರು. 'ನಾನು ಅಂದೇ ಹೇಳಿರಲಿಲ್ಲವೇ' ಎನ್ನಬಹುದಿತ್ತು. ಮಗಳ ಕೂದಲು ಎಷ್ಟು ಉದ್ದ ಬೆಳೆದಿದೆ ಎಂದಷ್ಟೇ ಅಂದರು.

ಡಿಸ್ಲೆಕ್ಸಿಯಾ ಎಂದು ಗೊತ್ತಾಯಿತು. ಅಂಥ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ಒಬ್ಬರು ವಾರಕ್ಕೆರಡು ಸಲ ಅಕ್ಷರದಿಂದ ಮತ್ತೆ ಶುರುಮಾಡಿದರು. "ತಾಯಿ ಹೊರಗಿದ್ದರೆ ಒಳ್ಳೆಯದು" ಎಂದು ಮೆತ್ತಗೆ ಹೇಳಿದರು. ನಾನು ಕಾರಿನಲ್ಲಿ ಕೂತಿರುತ್ತಿದ್ದೆ. ಐದನೆಯ ತರಗತಿಗೆ ಅವಳು ಶಾಲೆಗೆ ಮರಳಿದಳು.

ನಿಧಾನವಾಗಿಯಾದರೂ ನಿಜವಾಗಿ ಓದುವುದನ್ನು ಕಲಿತಳು. ಸಂಜೆ ಅಪ್ಪನ ಪಕ್ಕ ಸೋಫಾದಲ್ಲಿ ಕೂತು, ತಡವರಿಸುತ್ತ, ತಪ್ಪಿದರೆ ನಗುತ್ತ ಓದುತ್ತಿದ್ದಳು. ನಾನು ಬಂದರೆ ಮಾತ್ರ ನಿಲ್ಲಿಸಿಬಿಡುತ್ತಿದ್ದಳು. "ಓದವಾ, ಅಮ್ಮನೂ ಕೇಳಲಿ," ಎಂದು ಅವರು ಹೇಳಿದರೂ ಪುಟದ ನಡುವೆ ಬೆರಳಿಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದಳು. ಒಗೆದ ಬಟ್ಟೆ ಮಡಚುವ ನೆಪದಲ್ಲಿ ನಾನು ಒಳಗೆ ಹೋಗುತ್ತಿದ್ದೆ.